ಮೂರು ಪಿನ್ನಿನ ಕನೆಕ್ಟರ್: 1955ರ ಜಾನ್ಸನ್ ಔಟ್‌ಬೋರ್ಡಿಗೆ ಪೆಟ್ರೋಲ್ ಜೋಡಣೆ ಹುಡುಕಿದ ಪ್ರಕರಣ

ಇದು ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರು: ಜಾನ್ಸನ್ ಸೀ-ಹಾರ್ಸ್, 10 ಅಶ್ವಶಕ್ತಿ, ಮಾದರಿ ಕ್ಯೂಡಿ-16, ತಯಾರಾದ ವರ್ಷ 1955. ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ಇರುವ ಜಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸರೋವರದ ದಂಡೆ. ಒಡೆಯರು ನನ್ನ ನೆರೆಮನೆಯ ಹಿರಿಯರು. ಅವರ ತಂದೆ ಹೊಸದಾಗಿ ಕೊಂಡ ಮೋಟಾರು ಇದು, ಹಾಗಾಗಿ ಮಾರುವ ಮಾತಿಲ್ಲ, ಗೋಡೆಗೆ ತೂಗುಹಾಕುವ ಮನಸ್ಸೂ ಇಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಇದೇ ಮೋಟಾರಿನಲ್ಲಿ ಮೀನು ಹಿಡಿಯಲು ಹೋಗಬೇಕು ಎಂಬುದು ಅವರ ಆಸೆ.

ತೊಂದರೆ ಹೀಗಿತ್ತು. ಹಗ್ಗ ಎಳೆದರೆ ಮೋಟಾರು ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಪೈಪಿನ ನಡುವಿರುವ ರಬ್ಬರ್ ಬಲ್ಬನ್ನು ಹಿಚುಕುತ್ತಲೇ ಇದ್ದರೆ ಓಡುತ್ತಲೇ ಇರುತ್ತದೆ. ಕೈ ಬಿಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಮತ್ತೆ ಹಿಚುಕಿದರೆ ಮತ್ತೆ ಜೀವ. ಒಬ್ಬರು ಚುಕ್ಕಾಣಿ ಹಿಡಿದು ಇನ್ನೊಬ್ಬರು ಬಲ್ಬ್ ಹಿಚುಕುತ್ತಾ ದೋಣಿ ನಡೆಸುವುದು ಆಗದ ಮಾತು.

ನನ್ನ ಬಳಿ ಬರುವ ಹೊತ್ತಿಗೆ ಒಂದು ರಿಪೇರಿ ಅಂಗಡಿಯವರು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿ ಕೊಟ್ಟಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಆದರೆ ರೋಗ ಅಲ್ಲಿರಲಿಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲ್‌ನಲ್ಲಿ ಪೆಟ್ರೋಲ್ ಇರುವಷ್ಟು ಹೊತ್ತು ಓಡಿ, ಖಾಲಿಯಾದಾಗ ನಿಲ್ಲುವ ಎಂಜಿನ್ನಿಗೆ ಕಾರ್ಬೊರೇಟರನ್ನು ದೂರಿ ಪ್ರಯೋಜನವಿಲ್ಲ. ಪೆಟ್ರೋಲ್ ಅಲ್ಲಿಯವರೆಗೆ ತಲುಪುವ ದಾರಿಯನ್ನು ನೋಡಬೇಕು.

ನನ್ನ ಊರು ಉಡುಪಿ ಜಿಲ್ಲೆಯ ಕರಾವಳಿಯ ಉಪ್ಪುಂದದ ಕಡೆ. ಔಟ್‌ಬೋರ್ಡ್ ಎಂದರೆ ನಮಗೆ ನಾಡದೋಣಿಯ ಹಿಂದೆ ಕೂರುವ ಸೀಮೆಎಣ್ಣೆ ಎಂಜಿನ್: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಅದರಲ್ಲಿ ಬಲ್ಬ್ ಇರುವುದು ಶುರುವಿನಲ್ಲಿ ಪೈಪು ತುಂಬಿಸುವುದಕ್ಕೆ ಮಾತ್ರ. ಆಮೇಲೆ ಎಳೆಯುವ ಕೆಲಸ ಎಂಜಿನ್ ಮೇಲಿನ ಡಯಾಫ್ರಾಮ್ (ತೆಳು ಪೊರೆಯ) ಪಂಪಿನದು. ಬಲ್ಬ್ ಬಿಟ್ಟರೆ ನಿಲ್ಲುತ್ತದೆ ಎಂದರೆ ನಮ್ಮ ಕಡೆ ಯಾರೂ ಮೊದಲು ಪಂಪಿನ ಡಯಾಫ್ರಾಮ್ ಹರಿದಿದೆಯೇ ನೋಡುತ್ತಾರೆ. ನಾನೂ ಪಂಪನ್ನೇ ಹುಡುಕಿದೆ. ಜಾನ್ಸನ್ನಿನ ಮುಚ್ಚಳ ತೆಗೆದು ಸುತ್ತಲೂ ಕಣ್ಣಾಡಿಸಿದರೆ ಪಂಪು ಎಲ್ಲಿಯೂ ಇಲ್ಲ. ಕಳಚಿ ತೆಗೆದ ಗುರುತೂ ಇಲ್ಲ. ಊರಿಗೆ ಫೋನ್ ಮಾಡಿ, ವರ್ಷಗಳಿಂದ ದೋಣಿ ಎಂಜಿನ್ ಬಿಚ್ಚಿ ಕೂಡಿಸುವ ಮಾವನಿಗೆ ವಿಷಯ ಹೇಳಿದಾಗ ಅವರ ಪ್ರಶ್ನೆ ನೇರವಾಗಿತ್ತು: "ಪಂಪೇ ಇಲ್ಲ ಅಂದ್ರೆ ಎಣ್ಣೆ ಹ್ಯಾಂಗೆ ಬತ್ತ್ ಮಾರಾಯ?"

ಈ ಪ್ರಕರಣದ ಬೀಗದ ಕೈ ಆ ಪ್ರಶ್ನೆಯಲ್ಲೇ ಇತ್ತು.

ಪಂಪಿಲ್ಲದ ಎಂಜಿನ್ನಿಗೆ ಪೆಟ್ರೋಲ್ ಬರುವ ಬಗೆ

ಈ ಸರಣಿಯ ಮೋಟಾರಿಗೂ ಹಿಂದಿನ ಔಟ್‌ಬೋರ್ಡುಗಳಲ್ಲಿ ಟ್ಯಾಂಕು ಎಂಜಿನ್ನಿನ ಮೇಲೆಯೇ ಕೂರುತ್ತಿತ್ತು. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಜಾನ್ಸನ್ ಕಂಪನಿ 1949ರಲ್ಲಿ ಕ್ಯೂಡಿ ಸರಣಿಯ 10 ಅಶ್ವಶಕ್ತಿಯ ಮೋಟಾರನ್ನು ಹೊರತಂದಾಗ ಅದರಲ್ಲಿ ಮುಂದೆ, ನ್ಯೂಟ್ರಲ್, ಹಿಂದೆ ಎಂಬ ಗೇರೂ ಇತ್ತು, ದೋಣಿಯ ತಳದಲ್ಲಿ ಇಡುವ ಬೇರೆ ಟ್ಯಾಂಕೂ ಇತ್ತು. ಆ ಟ್ಯಾಂಕಿಗೆ ಅವರಿಟ್ಟ ಹೆಸರು ಮೈಲ್-ಮಾಸ್ಟರ್. ಹೆಚ್ಚು ಪೆಟ್ರೋಲ್ ಒಯ್ಯಬಹುದು, ದೂರ ಹೋಗಬಹುದು. ಆದರೆ ಟ್ಯಾಂಕು ಕೆಳಗೆ, ಕಾರ್ಬೊರೇಟರ್ ಮೇಲೆ. ಪೆಟ್ರೋಲನ್ನು ಮೇಲಕ್ಕೆ ಏರಿಸಬೇಕು.

ಅವರು ಕಂಡುಕೊಂಡ ದಾರಿ ಸೊಗಸಾದದ್ದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರ ಕೆಳಗಿನ ಮುಚ್ಚಿದ ಕೋಣೆಯಾದ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏಳುತ್ತದೆ. ಅದರಲ್ಲಿ ಒಂದಿಷ್ಟನ್ನು ಪುಟ್ಟ ಒಮ್ಮುಖ ವಾಲ್ವಿನ ಮೂಲಕ ಹೊರತೆಗೆದು, ಒಂದು ಪೈಪಿನಲ್ಲಿ ಟ್ಯಾಂಕಿಗೆ ಕಳಿಸಿದರು. ಟ್ಯಾಂಕಿನ ಮುಚ್ಚಳ ಬಿಗಿಯಾಗಿದ್ದರೆ ಒಳಗೆ ನಾಲ್ಕೈದು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ನಿಲ್ಲುತ್ತದೆ. ಆ ಒತ್ತಡ ಪೆಟ್ರೋಲನ್ನು ಎರಡನೇ ಪೈಪಿನಲ್ಲಿ ಕಾರ್ಬೊರೇಟರಿಗೆ ತಳ್ಳುತ್ತದೆ. ಎಂಜಿನ್ ಇನ್ನೂ ಶುರುವಾಗದಾಗ ಒತ್ತಡ ಇರುವುದಿಲ್ಲವಲ್ಲ, ಅದಕ್ಕೆ ಟ್ಯಾಂಕಿನ ನೆತ್ತಿಯ ಮೇಲೊಂದು ಗುಂಡಿ. ಅದನ್ನು ಕೈಗೆ ಬಿಗಿ ಹತ್ತುವವರೆಗೆ ಒತ್ತಿದರೆ ಬೌಲ್ ತುಂಬುತ್ತದೆ.

ಹೀಗಾಗಿ ಟ್ಯಾಂಕಿನಿಂದ ಮೋಟಾರಿಗೆ ಹೋಗುವುದು ಅವಳಿ ಪೈಪು. ಮೋಟಾರಿನ ಮುಂಭಾಗದಲ್ಲಿ ಮೂರು ಪಿನ್ನು: ಗಾಳಿಗೊಂದು, ಪೆಟ್ರೋಲಿಗೊಂದು, ಕನೆಕ್ಟರನ್ನು ಕಚ್ಚಿ ಹಿಡಿದುಕೊಳ್ಳಲು ಇನ್ನೊಂದು. 1960ರ ಆಸುಪಾಸಿನಲ್ಲಿ ಇದೇ ಕಂಪನಿಯ ಮೋಟಾರುಗಳಿಗೆ ಒಂದೊಂದಾಗಿ ಪಂಪು ಬಂತು, ಗಾಳಿಯ ಪೈಪು ಬೇಡವಾಯಿತು, ಪಿನ್ನು ಎರಡಕ್ಕೆ ಇಳಿಯಿತು. ಹಳೆಯ ಜಾನ್ಸನ್ ಅಥವಾ ಅದರ ಸೋದರ ಕಂಪನಿಯ ಎವಿನ್‌ರೂಡ್ ಕೈಗೆ ಬಂದವರು ಮಾದರಿ ಸಂಖ್ಯೆ ಓದುವುದಕ್ಕೂ ಮೊದಲು ಪಿನ್ನು ಎಣಿಸಬೇಕು. ಮೂರಿದ್ದರೆ ಒತ್ತಡದ ಟ್ಯಾಂಕು, ಎರಡಿದ್ದರೆ ಪಂಪು.

ಇಲ್ಲಿ ಆಗಿದ್ದೇನು? ಮೂಲ ಟ್ಯಾಂಕಿನ ಕನೆಕ್ಟರ್ ಯಾವತ್ತೋ ಸೀಳಿ ಹೋಗಿತ್ತು. ಮನೆಯವರಲ್ಲಿ ಯಾರೋ ಅಂಗಡಿಯಿಂದ ಬಲ್ಬ್ ಇರುವ ಒಂಟಿ ಪೈಪನ್ನೂ ಪ್ಲಾಸ್ಟಿಕ್ ಟ್ಯಾಂಕನ್ನೂ ತಂದು, ಪೈಪಿನ ತುದಿ ಕತ್ತರಿಸಿ, ಪೆಟ್ರೋಲ್ ಪಿನ್ನಿಗೆ ತುರುಕಿ ಕ್ಲಿಪ್ ಹಾಕಿದ್ದರು. ಗಾಳಿಯ ಪಿನ್ನು ಬರಿದಾಗಿ ಉಳಿದಿತ್ತು. ಎಂಜಿನ್ ಓಡಿದಷ್ಟು ಹೊತ್ತೂ ಅದರಿಂದ ಎಣ್ಣೆ ಬೆರೆತ ಆವಿ ಹೊರಬರುತ್ತಿತ್ತು. ಮುಚ್ಚಳದ ಒಳಗೆ, ಮುಂಭಾಗದಲ್ಲಿ ಮಾತ್ರ ಕಪ್ಪಗೆ ಜಿಡ್ಡು ಹಿಡಿದಿದ್ದು ನೋಡಿ ಹಿರಿಯರು "ಎಲ್ಲೋ ಸೋರುತ್ತಿದೆ" ಎಂದು ಚಿಂತೆ ಮಾಡಿದ್ದರು. ನನಗೆ ಆ ಜಿಡ್ಡು ಸಮಾಧಾನ ಕೊಟ್ಟಿತು. ಎಂಜಿನ್ ತನ್ನ ಪಾಲಿನ ಒತ್ತಡವನ್ನು ಇಂದಿಗೂ ಹೊರಗೆ ಕಳಿಸುತ್ತಿದೆ, ತೆಗೆದುಕೊಳ್ಳುವವರು ಇಲ್ಲ, ಅಷ್ಟೇ.

ಆ ತೆರೆದ ಪಿನ್ನು ಅಪಾಯದ ಜಾಗವೂ ಹೌದು. ಪೆಟ್ರೋಲ್ ಆವಿ ಮುಚ್ಚಳದೊಳಗೆ ತುಂಬಿಕೊಂಡಿದ್ದರೆ, ಅಲ್ಲೇ ಪಕ್ಕದಲ್ಲಿ ಮ್ಯಾಗ್ನೆಟೋ ಕಿಡಿ ಹಾರಿಸುತ್ತಿರುತ್ತದೆ. ಅಂಥ ಜೋಡಣೆ ಕಂಡರೆ ಎಂಜಿನ್ ಓಡಿಸಿ ನೋಡುವ ಆಸೆ ಬಿಟ್ಟು ಮೊದಲು ಅದನ್ನು ಕಳಚಬೇಕು.

ಅಂಗಡಿಯಲ್ಲಿ ಸಿಗದ್ದು

ಬೇಕಾದದ್ದು ಮೂರು: ಮೂರು ಪಿನ್ನಿಗೆ ಕೂರುವ ಕನೆಕ್ಟರ್, ಅವಳಿ ಪೈಪು, ಒತ್ತಡ ಹಿಡಿಯುವ ಟ್ಯಾಂಕು. ಟ್ಯಾಂಕು ಶೆಡ್ಡಿನಲ್ಲೇ ಇತ್ತು. ಉಕ್ಕಿನದು, ಹೊರಗೆ ಬಣ್ಣ ಎದ್ದಿತ್ತು, ಒಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ತೆಳುವಾದ ತುಕ್ಕು ಮಾತ್ರ. ತೊಳೆದು ಉಳಿಸಿಕೊಳ್ಳಬಹುದಾದ ಸ್ಥಿತಿ.

ಕನೆಕ್ಟರಿಗಾಗಿ ದೋಣಿ ಸಾಮಾನಿನ ಅಂಗಡಿಗಳಲ್ಲಿ ಕೇಳಿದಾಗ ಎಲ್ಲೆಡೆ ಒಂದೇ ಬಗೆಯ ಉತ್ತರ. "ಜಾನ್ಸನ್–ಎವಿನ್‌ರೂಡ್" ಎಂದು ಬರೆದ ಪ್ಯಾಕೆಟ್ ತೆಗೆದು ಕೊಡುತ್ತಿದ್ದರು. ಅದು ಎರಡು ಪಿನ್ನಿನದು, ಪಂಪು ಬಂದ ಮೇಲಿನ ಮೋಟಾರಿಗೆ. ಹೆಸರು ಸರಿ, ಕಾಲ ತಪ್ಪು. ಯಮಹಾ, ಸುಜುಕಿ, ಮರ್ಕ್ಯುರಿ, ಹೋಂಡಾ ಎಂದು ಪ್ರತಿ ಕಂಪನಿಗೂ ಬೇರೆ ಬೇರೆ ಕನೆಕ್ಟರುಗಳಿವೆ. ಕೆಲವು ದೂರದಿಂದ ಒಂದೇ ಥರ ಕಾಣುತ್ತವೆ, ಕೈಯಲ್ಲಿ ಒತ್ತಿದರೆ ಅರ್ಧಕ್ಕೆ ಕೂತಂತೆಯೂ ಆಗುತ್ತದೆ. ಕೂತಂತೆ ಆಗುವುದಕ್ಕೂ ಗಾಳಿ ಬಿಡದೆ ಕೂರುವುದಕ್ಕೂ ಇರುವ ಅಂತರವೇ ಈ ಕೆಲಸದ ತಿರುಳು. ಫೋಟೋ ನೋಡಿ ಕನೆಕ್ಟರ್ ಕೊಳ್ಳಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಂಪನಿಯನ್ನೇ ಕೇಳೋಣ ಎಂದರೆ ಕಂಪನಿ ಇಲ್ಲ. ಜಾನ್ಸನ್ ಮತ್ತು ಎವಿನ್‌ರೂಡ್ ಎರಡನ್ನೂ ಹೊಂದಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಮಾರನೆಯ ವರ್ಷ ಕೆನಡಾದ ಬೊಂಬಾರ್ಡಿಯರ್ ಕೊಂಡುಕೊಂಡಿತು. ಅದರಿಂದ ಬೇರೆಯಾದ ಬಿಆರ್‌ಪಿ ಕಂಪನಿ 2020ರ ಮೇ ತಿಂಗಳಲ್ಲಿ ಎವಿನ್‌ರೂಡ್ ತಯಾರಿಯನ್ನೂ ನಿಲ್ಲಿಸಿತು. ವಿಸ್ಕಾನ್ಸಿನ್ನಿನವರಿಗೆ ಇದು ಮನೆಯ ಸುದ್ದಿ. ನಾರ್ವೆಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಓಲೆ ಎವಿನ್‌ರೂಡ್ ಔಟ್‌ಬೋರ್ಡನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದ್ದು ಇದೇ ರಾಜ್ಯದ ಮಿಲ್ವಾಕೀ ನಗರದಲ್ಲಿ, 1909ರ ಹೊತ್ತಿಗೆ.

ಆದರೆ ಅದೇ ಇತಿಹಾಸದಲ್ಲಿ ಹುಡುಕಾಟಕ್ಕೆ ದಾರಿಯೂ ಇತ್ತು. ಎರಡು ಕಂಪನಿಗಳು 1936ರಲ್ಲೇ ಒಂದಾಗಿದ್ದವು. ಆಮೇಲೆ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬಣ್ಣದಲ್ಲಿ ಮಾರಾಟ ಮಾಡಿದರೂ ಒಳಗಿನ ಭಾಗಗಳು ಬಹುಮಟ್ಟಿಗೆ ಒಂದೇ. ಜಾನ್ಸನ್ ತನ್ನ ಟ್ಯಾಂಕನ್ನು ಮೈಲ್-ಮಾಸ್ಟರ್ ಎಂದರೆ, ಎವಿನ್‌ರೂಡ್ ತನ್ನದನ್ನು ಕ್ರೂಸ್-ಎ-ಡೇ ಎಂದಿತು. ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗಿನಲ್ಲಿದ್ದ ಗೇಲ್ ಪ್ರಾಡಕ್ಟ್ಸ್ ಎಂಬ ಮೂರನೇ ವಿಭಾಗ ಬುಕನೀರ್ ಎಂಬ ಹೆಸರಿನಲ್ಲಿ ಮಾರಿತು. "ಜಾನ್ಸನ್ ಕ್ಯೂಡಿ ಕನೆಕ್ಟರ್" ಎಂದು ಹುಡುಕಿದವರಿಗೆ ನಾಲ್ಕು ವಸ್ತು ಸಿಕ್ಕರೆ ಹೆಚ್ಚು. "1950ರ ದಶಕದ ಅವಳಿ ಪೈಪಿನ ಟ್ಯಾಂಕು" ಎಂದು ಮೂರೂ ಹೆಸರಿನಲ್ಲಿ ಹುಡುಕಿದರೆ ಹಳೇ ಸಾಮಾನಿನ ಗುಡ್ಡೆಯೇ ತೆರೆದುಕೊಳ್ಳುತ್ತದೆ. ಮಾದರಿಯ ಹೆಸರು ಹಿಡಿದು ಹೋಗದೆ, ಆ ಬಿಡಿಭಾಗದ ಕೆಲಸವೇನು ಎಂಬುದನ್ನು ಹಿಡಿದು ಹೋಗಬೇಕು.

ಹಳೇ ಔಟ್‌ಬೋರ್ಡ್ ಪ್ರಿಯರು ಇಲ್ಲಿ ಬೇಸಿಗೆಯಲ್ಲಿ ಮೈದಾನದಲ್ಲಿ ಸೇರಿ ಬಿಡಿಭಾಗ ಮಾರುವ, ಅದಲುಬದಲು ಮಾಡುವ ಸಂತೆಗಳಿವೆ. ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್ ಎಂಬ ಸಂಘದ ಸದಸ್ಯರು ಅಂಥ ಕಡೆ ತಪ್ಪದೆ ಸಿಗುತ್ತಾರೆ. ನಾನು ಹೋಗುವಾಗ ಮೋಟಾರಿನ ಮುಂಭಾಗದ ಮೂರು ಪಿನ್ನಿನ ತುಂಡನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ಅಳತೆ ಬರೆದ ಚೀಟಿಗಿಂತ ಅದು ಮೇಲು. ಅಲ್ಲಿ ತಳ ತೂತಾದ ಒಂದು ಕ್ರೂಸ್-ಎ-ಡೇ ಟ್ಯಾಂಕು ಹುಲ್ಲಿನ ಮೇಲೆ ಬಿದ್ದಿತ್ತು. ಟ್ಯಾಂಕಾಗಿ ಅದಕ್ಕೆ ಬೆಲೆ ಇಲ್ಲ. ಅದರ ಗಟ್ಟಿಯಾದ ಪೈಪಿನ ತುದಿಯಲ್ಲಿ ಮಾತ್ರ ಸೀಳಿಲ್ಲದ ಕನೆಕ್ಟರ್. ಜೇಬಿನಿಂದ ಪಿನ್ನು ತೆಗೆದು ಒತ್ತಿದೆ. ಲಾಚ್ ಟಕ್ಕೆಂದು ಕಚ್ಚಿತು. ಒಳಗಿನ ಎರಡು ಸ್ಪ್ರಿಂಗ್ ವಾಲ್ವುಗಳಲ್ಲಿ ಒಂದು ಚಲಿಸುತ್ತಿತ್ತು, ಇನ್ನೊಂದು ಜಡ್ಡುಗಟ್ಟಿತ್ತು. ಜಡ್ಡು ಬಿಡಿಸಬಹುದು, ಸೀಳು ಬೆಸೆಯಲಾಗದು. ಮಾರುತ್ತಿದ್ದವರು ಟ್ಯಾಂಕನ್ನೂ ಸೇರಿಸಿ ಕೊಂಡೊಯ್ಯಿ ಎಂದರು. ಕೊಂಡೊಯ್ದದ್ದು ಒಳ್ಳೆಯದೇ ಆಯಿತು: ಅದರ ನೆತ್ತಿಯ ಗುಂಡಿಯ ಜೋಡಣೆಯಿಂದ ಸ್ಪ್ರಿಂಗೂ ಸ್ಕ್ರೂಗಳೂ ನಮ್ಮ ಟ್ಯಾಂಕಿಗೆ ಬಂದವು.

ಕನೆಕ್ಟರನ್ನು ಮತ್ತೆ ಗಾಳಿ ಬಿಡದಂತೆ ಮಾಡಿದ್ದು

ಈ ಕನೆಕ್ಟರಿನ ಕೆಲಸ ಬರೀ ಸೇರಿಸುವುದಲ್ಲ. ಮೋಟಾರಿನಿಂದ ಕಳಚಿದ ಕ್ಷಣ ಒಳಗಿನ ವಾಲ್ವುಗಳು ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಒತ್ತಡದಲ್ಲಿರುವ ಟ್ಯಾಂಕು ಪೆಟ್ರೋಲನ್ನು ದೋಣಿಯೊಳಗೆ ಚಿಮ್ಮಿಸುತ್ತದೆ. ಹಾಗಾಗಿ ಸೋರದಂತೆ ತಡೆಯುವ ಎರಡು ಭಾಗ ಸರಿಯಿರಬೇಕು: ಪಿನ್ನಿನ ಸುತ್ತ ಹಿಡಿಯುವ ಓ-ರಿಂಗ್ ಎಂಬ ರಬ್ಬರ್ ಬಳೆ, ಕಳಚಿದಾಗ ಬಾಗಿಲು ಮುಚ್ಚುವ ವಾಲ್ವು.

ಬಿಚ್ಚಿ, ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿಟ್ಟೆ. ಜಡ್ಡುಗಟ್ಟಿದ ವಾಲ್ವನ್ನು ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ತಟ್ಟಿ ಸಡಿಲಿಸಿದೆ. ಉಕ್ಕಿನ ಸೂಜಿ ತೂರಿಸಿದ್ದರೆ ವಾಲ್ವು ಕೂರುವ ಜಾಗಕ್ಕೆ ಗೀರು ಬೀಳುತ್ತಿತ್ತು. ಹಳೇ ಓ-ರಿಂಗುಗಳು ಕಲ್ಲಾಗಿದ್ದವು, ಕೀಳುವಾಗ ಚೂರುಚೂರಾದವು. ಹೊಸದಕ್ಕೆ ಅಳತೆ ತೆಗೆಯುವಾಗ ಹಳೇ ರಿಂಗನ್ನು ಅಳೆಯಬಾರದು. ದಶಕಗಳ ಕಾಲ ಒತ್ತಿಸಿಕೊಂಡ ರಬ್ಬರ್ ತನ್ನ ದಪ್ಪ ಕಳೆದುಕೊಂಡಿರುತ್ತದೆ. ಪಿನ್ನಿನ ಹೊರ ಅಳತೆ ಮತ್ತು ರಿಂಗ್ ಕೂರುವ ತೋಡಿನ ಅಗಲ, ಆಳ ಇವನ್ನು ವರ್ನಿಯರಿನಲ್ಲಿ ಅಳೆದು ಅದಕ್ಕೆ ಹೊಂದುವ ರಿಂಗ್ ಆರಿಸಬೇಕು. ನಾನು ಹಾಕಿದ್ದು ವೈಟಾನ್ ಎಂಬ ಬಗೆಯ ರಬ್ಬರಿನ ರಿಂಗು. ಸಾಮಾನ್ಯ ನೈಟ್ರೈಲ್ ರಬ್ಬರೂ ಪೆಟ್ರೋಲಿಗೆ ನಡೆಯುತ್ತದೆ, ಆದರೆ ಎಥನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಹೆಚ್ಚು ಕಾಲ ತಾಳುತ್ತದೆ. ರಿಂಗಿಗೆ ಒಂದು ಹನಿ ಟೂ-ಸ್ಟ್ರೋಕ್ ಎಣ್ಣೆ ಸವರಿದರೆ ಮೊದಲ ಸಲ ಪಿನ್ನು ಒಳಹೋಗುವಾಗ ಹರಿಯುವುದಿಲ್ಲ.

ಎಥನಾಲ್ ವಿಷಯ ಬಂದದ್ದರಿಂದ ಊರಿನವರಿಗೆ ಒಂದು ಮಾತು. ಭಾರತದಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಯೆಜ್ಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪೆಟ್ರೋಲ್ ಕಾಕ್‌ನ ವಾಷರ್, ಪೈಪು, ಕಾರ್ಬೊರೇಟರಿನ ರಿಂಗು ಬದಲಿಸುವಾಗ ಅವರೂ ಯಾವ ರಬ್ಬರ್ ಎಂದು ಕೇಳಿಯೇ ಕೊಳ್ಳಲಿ. ಹಳೇ ಸ್ಟಾಕಿನ, ಪೊಟ್ಟಣ ಒಡೆಯದ "ಒರಿಜಿನಲ್" ರಬ್ಬರ್ ಸಿಕ್ಕಿತೆಂದು ಸಂತೋಷಪಡುವಂತಿಲ್ಲ. ಅದು ತಯಾರಾದ ಕಾಲದಲ್ಲಿ ಈ ಪೆಟ್ರೋಲ್ ಇರಲಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲ್ ಹಲವು ಬಂಕುಗಳಲ್ಲಿ ಸಿಗುತ್ತದೆ. ಈ ಮೋಟಾರಿಗೆ ಹಿರಿಯರು ಈಗ ಅದನ್ನೇ ಹಾಕುತ್ತಾರೆ.

ಅವಳಿ ಪೈಪು ಹೊಸದಾಗಿಯೇ ಸಿಗುತ್ತದೆ. ಹಳೇ ಮೋಟಾರುಗಳಿಗೆಂದೇ ಈಗಲೂ ಅದನ್ನು ಮಾಡಿ ಮಾರುವವರಿದ್ದಾರೆ. ಸಿಗದಿದ್ದವರು ದೋಣಿಯ ಪೆಟ್ರೋಲಿಗೆಂದು ಒಪ್ಪಿಗೆ ಪಡೆದ ಎರಡು ಬಿಡಿ ಪೈಪುಗಳನ್ನು ಜೊತೆಗೂಡಿಸಿ ಅಲ್ಲಲ್ಲಿ ಕಟ್ಟಿದರೂ ಕೆಲಸ ನಡೆಯುತ್ತದೆ. ಅಮೆರಿಕದಲ್ಲಿ ಅಂಥ ಪೈಪಿನ ಮೈಮೇಲೆ ಎಸ್‌ಎಇ ಜೆ1527 ಎಂಬ ಗುಣಮಟ್ಟದ ಗುರುತು ಇರುತ್ತದೆ. ಅಕ್ವೇರಿಯಂ ಪೈಪನ್ನೋ ತೋಟದ ಪೈಪನ್ನೋ ಹಾಕಿದರೆ ನಡೆಯುವುದಿಲ್ಲ. ಇದು ಒತ್ತಡದಲ್ಲಿರುವ ಪೆಟ್ರೋಲ್, ಪೈಪು ಬಿರಿದರೆ ತೊಟ್ಟಿಕ್ಕುವುದಿಲ್ಲ, ಪಿಚಕಾರಿಯಂತೆ ಹಾರುತ್ತದೆ.

ಹಳೇ ಪೈಪು ಕಳಚುವ ಮೊದಲು ಯಾವ ನಿಪ್ಪಲ್ಲು (ಪೈಪು ಕೂರುವ ಮೂತಿ) ಯಾವುದಕ್ಕೆ ಎಂದು ಎರಡೂ ತುದಿಯಲ್ಲಿ ಬಣ್ಣ ಹಚ್ಚಿದ್ದೆ. ಅದಲುಬದಲಾದರೆ ಗಾಳಿ ಪೆಟ್ರೋಲ್ ಹೀರುವ ಕೊಳವೆಯಲ್ಲಿ ಇಳಿದು ಟ್ಯಾಂಕಿನಲ್ಲಿ ಗುಳ್ಳೆಯೆಬ್ಬಿಸುತ್ತದೆ, ಕಾರ್ಬೊರೇಟರಿಗೆ ಬರೀ ಗಾಳಿ ಹೋಗುತ್ತದೆ. ನಿಪ್ಪಲ್ಲಿಗೆ ಪೈಪು ಬಿಗಿಯಲು ಸ್ಕ್ರೂ ತಿರುಗಿಸುವ ಸಾಮಾನ್ಯ ಹೋಸ್ ಕ್ಲಿಪ್ಪು ಇಷ್ಟು ಸಣ್ಣ ಪೈಪಿಗೆ ಒಗ್ಗುವುದಿಲ್ಲ. ಅದು ಪೂರ್ತಿ ಗುಂಡಗೆ ಹಿಡಿಯದೆ ಸ್ಕ್ರೂ ಇರುವ ಕಡೆ ಸಂದು ಬಿಡುತ್ತದೆ. ಇಕ್ಕಳದಿಂದ ಕಿವಿ ಹಿಂಡಿ ಬಿಗಿಯುವ ಕ್ಲ್ಯಾಂಪ್ ಹಾಕಿದೆ.

ಟ್ಯಾಂಕಿನ ಮುಚ್ಚಳದ ವಾಷರ್ ಚಪ್ಪಟೆಯಾಗಿತ್ತು, ಬದಲಿಸಿದೆ. ನೆತ್ತಿಯ ಗುಂಡಿಯ ಕೆಳಗಿನ ಡಯಾಫ್ರಾಮ್ ಬಿರುಕು ಬಿಟ್ಟಿತ್ತು. ಅದಕ್ಕೆ ರಿಪೇರಿ ಕಿಟ್ ಸುಲಭವಾಗಿ ಸಿಕ್ಕಿತು.

ಒತ್ತಡದ ಪರೀಕ್ಷೆ

ಇಲ್ಲಿ ಅವಸರ ಸಲ್ಲದು. ಟ್ಯಾಂಕಿಗೆ ವರ್ಕ್‌ಶಾಪಿನ ಕಂಪ್ರೆಸರ್ ಹಚ್ಚುವುದು ಅತ್ಯಂತ ಅಪಾಯ. ಅದರ ಒತ್ತಡ ನೂರು ಪಿಎಸ್‌ಐ ದಾಟಿರುತ್ತದೆ, ಈ ಟ್ಯಾಂಕು ಐದಕ್ಕಾಗಿ ಮಾಡಿದ್ದು. ಚಪ್ಪಟೆ ತಗಡಿನ ಮೈ ಉಬ್ಬಿ ಬೆಸುಗೆ ಬಿಡಬಹುದು. ಪೆಟ್ರೋಲ್ ಪೂರ್ತಿ ತೆಗೆದು, ಆವಿಯೂ ಹೋಗುವಂತೆ ತೊಳೆದು ಒಣಗಿಸಿ, ಸೈಕಲ್ ಪಂಪಿನಿಂದ ಗಾಳಿ ಹಾಕಿದೆ. ನಡುವೆ ಒಂದು ಸಣ್ಣ ಗೇಜು.

ಆ ಗೇಜಿನದ್ದೇ ಒಂದು ಪಾಠ. ನನ್ನ ಬಳಿ ಇದ್ದದ್ದು ಮಂಗಳೂರಿನ ಬಂದರಿನ ಅಂಗಡಿಯಲ್ಲಿ ಹಿಂದೆ ಕೊಂಡದ್ದು, ಕಾಲು ಇಂಚಿನ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪದ್ಧತಿಯ ಪೈಪ್ ಥ್ರೆಡ್ಡು. ಇಲ್ಲಿನ ಟಿ-ಜೋಡಣೆ ಕಾಲು ಇಂಚಿನದೇ, ಆದರೆ ಎನ್‌ಪಿಟಿ, ಅಂದರೆ ಅಮೆರಿಕದ ಪದ್ಧತಿಯದು. ಮೊದಲ ಒಂದೆರಡು ಸುತ್ತು ಎರಡೂ ಸೇರುತ್ತವೆ, ಆಮೇಲೆ ಬಿಗಿಯಾಗುತ್ತದೆ, ಕೂತಿತು ಎನಿಸುತ್ತದೆ. ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ಎನ್‌ಪಿಟಿಯಲ್ಲಿ ಇಂಚಿಗೆ 18, ಕೋನ 60. ಒತ್ತಿ ತಿರುಗಿಸಿದರೆ ಥ್ರೆಡ್ಡು ಕೆಡುತ್ತದೆ, ಗಾಳಿ ಸೋರುವುದು ನಿಲ್ಲುವುದಿಲ್ಲ. ಅಮೆರಿಕದ ಹಳೇ ಮೋಟಾರು ಅಥವಾ ಯಂತ್ರ ಇಟ್ಟುಕೊಂಡು ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಪ್ಪಲ್ಲು ಹುಡುಕುವವರಿಗೂ, ಇಲ್ಲಿಂದ ಭಾಗ ತರಿಸಿಕೊಳ್ಳುವವರಿಗೂ ಈ ತೊಡಕು ಎದುರಾಗುತ್ತದೆ. ಥ್ರೆಡ್ ಗೇಜು ಇಟ್ಟು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ನಾನು ಎನ್‌ಪಿಟಿಯ ಬೇರೆ ಗೇಜು ತಂದು ಹಾಕಿದೆ.

ಟ್ಯಾಂಕು, ಪೈಪು, ಕನೆಕ್ಟರ್ ಮೂರನ್ನೂ ಸೇರಿಸಿ, ಕನೆಕ್ಟರನ್ನು ಯಾವುದಕ್ಕೂ ಸಿಕ್ಕಿಸದೆ ನಾಲ್ಕು ಪಿಎಸ್‌ಐ ಹಾಕಿದೆ. ಸೋಪಿನ ನೀರು ಸವರಿದಾಗ ಮುಚ್ಚಳದ ಅಂಚಿನಲ್ಲಿ ಗುಳ್ಳೆ ಎದ್ದಿತು. ಮುಚ್ಚಳ ಕೂರುವ ಅಂಚಿಗೆ ತುಕ್ಕಿನ ಹಕ್ಕಳೆ ಅಂಟಿತ್ತು, ಸಣ್ಣ ಉಜ್ಜುಕಾಗದದಿಂದ ಸಮ ಮಾಡಿದ ಮೇಲೆ ನಿಂತಿತು. ಕನೆಕ್ಟರಿನ ಬಾಯಲ್ಲಿ ಗುಳ್ಳೆ ಬರಲಿಲ್ಲ, ಅಂದರೆ ವಾಲ್ವುಗಳು ಮುಚ್ಚುತ್ತಿವೆ. ಆಮೇಲೆ ಪಿನ್ನಿಗೆ ಸಿಕ್ಕಿಸಿ, ಪಿನ್ನಿನ ಹಿಂಬದಿ ಮುಚ್ಚಿ ಮತ್ತೆ ಅದೇ ಪರೀಕ್ಷೆ, ಈಗ ಓ-ರಿಂಗಿಗಾಗಿ. ಎರಡನ್ನೂ ಒಟ್ಟಿಗೆ ಮಾಡಿದರೆ ಸೋರಿಕೆ ಎಲ್ಲಿಯದು ಎಂದು ಹೇಳಲಾಗದು. ಒಂದೊಂದನ್ನೇ ಬೇರ್ಪಡಿಸಿ ನೋಡುವ ಈ ಪದ್ಧತಿ ಮಾವನದು. ಊರಿನಲ್ಲಿ ಅವರು ಎಂಜಿನ್ ಗಾಳಿ ಎಳೆಯುವ ಜಾಗ ಹುಡುಕುವಾಗ ಮಾಡುತ್ತಿದ್ದದ್ದನ್ನು ಚಿಕ್ಕಂದಿನಿಂದ ಕಂಡಿದ್ದೆ.

ಕೊನೆಗೆ ಮೋಟಾರನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಗೇಜನ್ನು ಗಾಳಿಯ ಸಾಲಿನಲ್ಲೇ ಬಿಟ್ಟು ಓಡಿಸಿದೆವು. ಮುಳ್ಳು ನಿಧಾನವಾಗಿ ಏರಿ ನಾಲ್ಕರ ಆಸುಪಾಸಿನಲ್ಲಿ ನಿಂತಿತು. ಪೆಟ್ರೋಲಿಗೆ ಎಣ್ಣೆಯ ಬೆರಕೆ 24ಕ್ಕೆ 1. 1955ರ ಕಾಲದ ಇಂಥ ಎಂಜಿನ್ನುಗಳ ಬೇರಿಂಗುಗಳಿಗೆ ಇಂದಿನ 50ಕ್ಕೆ 1ರ ಬೆರಕೆ ಸಾಲದು. ಎಂಜಿನ್ ನಿಲ್ಲಲಿಲ್ಲ. ಯಾರೂ ಯಾವುದನ್ನೂ ಹಿಚುಕಬೇಕಾಗಲಿಲ್ಲ. ಹಿರಿಯರು ಮಾತಾಡದೆ ಡ್ರಮ್ಮಿನ ಪಕ್ಕ ನಿಂತೇ ಇದ್ದರು. ಆಮೇಲೆ ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು.

ಪಂಪು ಹಾಕಿಬಿಡಬಹುದಿತ್ತಲ್ಲ?

ಈ ಪ್ರಶ್ನೆ ನ್ಯಾಯವಾದದ್ದು, ಮಾವನೂ ಕೇಳಿದರು. ಹಾಕಬಹುದು, ಬಹಳ ಮಂದಿ ಹಾಕಿದ್ದಾರೆ. ಮಿಕುನಿ ಕಂಪನಿಯದರಂಥ ಸಣ್ಣ ಪಲ್ಸ್ ಪಂಪು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ನಡೆಯುತ್ತದೆ. ಆದರೆ ಈಗಿರುವ ಗಾಳಿಯ ಪಿನ್ನಿಗೇ ಪಂಪು ಸಿಕ್ಕಿಸಿದರೆ ನಡೆಯದು. ಆ ದಾರಿಯಲ್ಲಿ ಒಮ್ಮುಖ ವಾಲ್ವಿದೆ, ಒತ್ತಡ ಹೊರಗೆ ಮಾತ್ರ ಬರುತ್ತದೆ, ಪಂಪಿಗೆ ಬೇಕಾದ ಎಳೆತ ಬರುವುದಿಲ್ಲ. ವಾಲ್ವು ತೆಗೆದುಹಾಕಿದರೂ ತೊಡಕು ಉಳಿಯುತ್ತದೆ. ಎರಡು ಸಿಲಿಂಡರುಗಳ ಕ್ರ್ಯಾಂಕ್‌ಕೇಸುಗಳು ಒಂದರ ನಂತರ ಒಂದು ಒತ್ತಡ ಕೊಡುವುದರಿಂದ, ಒಂದು ತಳ್ಳುವಾಗ ಇನ್ನೊಂದು ಎಳೆದು ಏರಿಳಿತವೇ ಸಮವಾಗಿಬಿಡುತ್ತದೆ. ಒಂದೇ ಸಿಲಿಂಡರಿನಿಂದ ಪಲ್ಸ್ ತೆಗೆಯಬೇಕು, ಅಂದರೆ ಎಂಜಿನ್ನಿನ ಮೈಗೆ ತೂತು ಕೊರೆದು ನಿಪ್ಪಲ್ಲು ಕೂರಿಸಬೇಕು ಅಥವಾ ಒಂದು ದಾರಿಯನ್ನು ಮುಚ್ಚಬೇಕು.

ಮೂಲ ಟ್ಯಾಂಕು ಪೂರ್ತಿ ಹಾಳಾಗಿದ್ದರೆ, ಕನೆಕ್ಟರ್ ಎಲ್ಲಿಯೂ ಸಿಗದಿದ್ದರೆ, ಅಥವಾ ಒತ್ತಡದ ಟ್ಯಾಂಕನ್ನು ಮಕ್ಕಳಿರುವ ದೋಣಿಯಲ್ಲಿ ಇಡಲು ಮನಸ್ಸೊಪ್ಪದಿದ್ದರೆ ಪಂಪು ಹಾಕುವುದೇ ಸರಿ. ಮೂರನೆಯ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿರಿಯರ ಮುಂದೆ ಎರಡನ್ನೂ ಇಟ್ಟೆ. ಅವರು ಕೇಳಿದ್ದು ತೂತು ಕೊರೆದರೆ ಮುಂದೆ ಮುಚ್ಚಬಹುದೇ ಎಂದು. ಮೊದಲಿದ್ದಂತೆ ಆಗುವುದಿಲ್ಲ ಎಂದೆ. ಹಾಗಿದ್ದರೆ ಟ್ಯಾಂಕೇ ಇರಲಿ, ಜಾಗ್ರತೆ ನಾನು ಕಲಿಯುತ್ತೇನೆ ಎಂದರು.

ಮಾರುಕಟ್ಟೆಯ ಹೊಸ ಪ್ಲಾಸ್ಟಿಕ್ ಟ್ಯಾಂಕನ್ನೇ ಒತ್ತಡದ ಟ್ಯಾಂಕಾಗಿ ಬಳಸುವ ಯೋಚನೆ ಕೆಲವರಿಗೆ ಬರುತ್ತದೆ. 2011ರಿಂದ ಅಮೆರಿಕದ ನಿಯಮದಂತೆ ಅವು 5 ಪಿಎಸ್‌ಐವರೆಗೆ ಆವಿಯನ್ನು ಹೊರಬಿಡದೆ ಹಿಡಿದಿಡುತ್ತವೆ, ಬಿಸಿಲಿಗೆ ಊದಿಕೊಳ್ಳುವುದೂ ಅದಕ್ಕೇ. ಆದರೆ ಅವುಗಳಲ್ಲಿ ಇರುವುದು ಪೆಟ್ರೋಲಿನ ಒಂದೇ ದಾರಿ. ಎಂಜಿನ್ ಸತತವಾಗಿ ಒತ್ತಡ ತುಂಬುವ ಕೆಲಸಕ್ಕೆ ಅವನ್ನು ಮಾಡಿಲ್ಲ. ಹಾಗೆ ಬಳಸಕೂಡದು.

ಈಗ ಟ್ಯಾಂಕಿನ ಮೇಲೆ ಹಿರಿಯರು ತಮ್ಮ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ದಡ ಸೇರಿದ ಕೂಡಲೇ ಕನೆಕ್ಟರ್ ಕಳಚಬೇಕು. ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಗಾಳಿ ಪೂರ್ತಿ ಹೋಗುವವರೆಗೆ ಕಾದು, ಆಮೇಲೆ ತೆಗೆಯಬೇಕು. ಒತ್ತಡ ತುಂಬಿದ ಟ್ಯಾಂಕನ್ನು ಬಿಸಿಲಿನಲ್ಲಿ ಬಿಡಬಾರದು: ಕಾರ್ಬೊರೇಟರಿನ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸ್ವಲ್ಪ ಬಿಟ್ಟರೂ ಪೆಟ್ರೋಲ್ ತಾನಾಗಿ ಹರಿದು ಸರೋವರ ಸೇರುತ್ತದೆ. ಓ-ರಿಂಗಿನ ಇನ್ನೊಂದು ಜೊತೆಯನ್ನೂ, ಅಳತೆ ಬರೆದ ಕಾಗದವನ್ನೂ ಸಣ್ಣ ಡಬ್ಬಿಯಲ್ಲಿ ಹಾಕಿ ಅವರಿಗೆ ಕೊಟ್ಟಿದ್ದೇನೆ. ಸೀಳಿದ ಹಳೇ ಕನೆಕ್ಟರಿನ ವಾಲ್ವುಗಳು ಇನ್ನೂ ಚೆನ್ನಾಗಿವೆ, ಅವೂ ಅದೇ ಡಬ್ಬಿಯಲ್ಲಿವೆ.